ಕಲ್ಲುಗೊಡಲಿಯ ಬೆಲೆ: ಒಂದು ಔಚಿತ್ಯವಿಚಾರ

ಸ್ವೀಡನ್ ದೇಶದ ಮೊಜಾಂಗ್ ಸಂಸ್ಥೆಯವರು 2011ರಲ್ಲಿ ಪೂರ್ಣರೂಪದಿಂದ ಪ್ರಕಟಿಸಿದ ‘ಮೈನ್‌ಕ್ರಾಫ್ಟ್’ ಎಂಬ ಗಣಕಯಂತ್ರದ ಆಟದಲ್ಲಿ, ಆಡುವವನು ಬರಿಗೈಯಿಂದ ಮೊದಲುಮಾಡಿ, ಮರವನ್ನೂ ಕಲ್ಲನ್ನೂ ಸಂಗ್ರಹಿಸಿ, ಉಪಕರಣಗಳನ್ನು ರಚಿಸಿಕೊಂಡು ಜೀವವನ್ನುಳಿಸಿಕೊಳ್ಳತಕ್ಕದ್ದಾಗಿದೆ. ಯಾವ ಉಪಕರಣಕ್ಕೆ ಎಷ್ಟು ದ್ರವ್ಯವು ಸಲ್ಲಬೇಕೆಂಬ ನಿಯಮವೇ ಇಂತಹ ಆಟಕ್ಕೆ ಜೀವಾಳ. ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯವನ್ನು ಈ ನಿಯಮಕ್ಕೂ ಅನ್ವಯಿಸಿ ನೋಡಬಹುದು. ಅದಕ್ಕೆ ತಕ್ಕ ಒರೆಗಲ್ಲು ಬಳ್ಳಾರಿಯ ನೆರೆಯಲ್ಲಿಯೇ ಇದೆ.

ಬಳ್ಳಾರಿ ನಗರಕ್ಕೆ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ ನವಶಿಲಾಯುಗದವರು ಕೊಡಲಿಗಳನ್ನು ಮಾಡಿದ ನೆಲೆಗಳಿವೆ. ರಾಬರ್ಟ್ ಬ್ರೂಸ್ ಫೂಟರು 19ನೆಯ ಶತಮಾನದಲ್ಲಿಯೇ ಇವನ್ನು ಗುರುತಿಸಿದರು. ಬಳ್ಳಾರಿಯ ಶಿಲಾಯುಗಸಂಸ್ಕೃತಿಗಳನ್ನು ಕುರಿತ ಬಿ. ಸುಬ್ಬರಾವ್ ಅವರ ಗ್ರಂಥವು 1948ರಲ್ಲಿ ಹೊರಬಂದಿತು. ಗುಡ್ಡದ ಬಹುಭಾಗವು ಗ್ರಾನೈಟು. ಕೊಡಲಿಗೆ ಆರಿಸಿದ್ದಾದರೋ ಅದರ ನಡುವೆ ಪಟ್ಟೆಯಾಗಿ ಹಾಯ್ದಿರುವ ಡಾಲರೈಟ್ ಎಂಬ ಕರಿಯ ಶಿಲೆ. ಅದರಿಂದ ಚಕ್ಕೆಗಳನ್ನೆಬ್ಬಿಸಿ, ಕುಟ್ಟಿ ಸಮಮಾಡಿ, ಕಡೆಯಲ್ಲಿ ಬಂಡೆಗೆ ಉಜ್ಜಿ ಬಾಯಿಯನ್ನು ಹರಿತಗೊಳಿಸುತ್ತಿದ್ದರು.

ಆಟದಲ್ಲಿ ಕೊಡಲಿಗೆ ಮುಖ್ಯದ್ರವ್ಯದ ಮೂರು ತುಂಡುಗಳೂ ಎರಡು ಕಡ್ಡಿಗಳೂ ಬೇಕು. ದ್ರವ್ಯವು ಯಾವುದಾದರೂ ಸಂಖ್ಯೆ ಒಂದೇ. ಭೇದವಿರುವುದು ಬಾಳಿಕೆಯಲ್ಲಿ: ಮರಕ್ಕೆ 59, ಕಲ್ಲಿಗೆ 131, ಕಬ್ಬಿಣಕ್ಕೆ 250, ವಜ್ರಕ್ಕೆ 1561, ಚಿನ್ನಕ್ಕೆ 32. ಇದರಲ್ಲಿ ಸೂತ್ರಕ್ಕೆ ಬೇಕಾದ ಲಾಘವವಿದೆ. ಗ್ರಾನೈಟಿನಿಂದ ಕೊಡಲಿಯಾಗದೆಂಬ ನಿಯಮವೂ ಬಳ್ಳಾರಿಯ ಗುಡ್ಡಕ್ಕೆ ಸಮ್ಮತವೇ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963–64ರಲ್ಲಿ ನಡೆದ ಉತ್ಖನನದಲ್ಲಿ ಚಿನ್ನವು ದೊರೆತದ್ದು ಆಭರಣರೂಪದಲ್ಲಿ. ಚಿನ್ನದ ಕೊಡಲಿಯನ್ನು ಅಲ್ಪಾಯುವಾಗಿಸಿದ್ದು ಆದಕಾರಣ ಉಚಿತವೇ.

ದೋಷವಿರುವುದು ಬೇರೆಡೆಯಲ್ಲಿ. ಉಪಾದಾನವೊಂದನ್ನೇ ಎಣಿಸಿ ಶ್ರಮವನ್ನು ಬಿಡಲಾಗಿದೆ. ಕುರುಗೋಡಿನ ದೊಡ್ಡಬಸವೇಶ್ವರನ ಮುಂದೆ ನಿಂತವನು ಬಂಡೆಯ ತೂಕವನ್ನಲ್ಲ, ಉಳಿಯ ಕೆಲಸವನ್ನು ನೆನೆಯುತ್ತಾನೆ. ಆಟದಲ್ಲಿ ಸಾಣೆಕಲ್ಲು ಇದೆ. ಆದರೆ ಮೊಂಡಾದ ಒಂದೇ ಕೊಡಲಿಯನ್ನು ಅದು ಮಸೆಯಲಾರದು. ಒಂದೇ ಜಾತಿಯ ಎರಡನ್ನಿಟ್ಟರೆ ಸೇರಿಸಿ ಒಂದನ್ನು ಕೊಡುತ್ತದೆ. ಕಲ್ಲನ್ನೇ ಕೊಟ್ಟು ಕೊಡಲಿಯನ್ನು ಸರಿಮಾಡಿಕೊಳ್ಳಬೇಕಾದರೆ ಕಮ್ಮಾರನ ಅಡಿಗಲ್ಲು ಬೇಕು. ಅದಕ್ಕೆ 31 ಕಬ್ಬಿಣದ ಗಟ್ಟಿಗಳು. ಮೂರು ಕಲ್ಲಿನ ವಸ್ತುವಿಗೆ ಇಷ್ಟು ವೆಚ್ಚಮಾಡುವವರಾರು? ಆದುದರಿಂದ ಕಲ್ಲುಗೊಡಲಿಯು ಬಿಸಾಡುವ ವಸ್ತುವಾಗಿ, ಅದನ್ನು ಕಾಪಾಡಿಕೊಳ್ಳುವ ವಿವೇಕಕ್ಕೆ ಅಲ್ಲಿ ಎಡೆಯೇ ಇಲ್ಲದಂತಾಗಿದೆ.

ಆಟವು ಶಾಸ್ತ್ರವಲ್ಲ; ಗಂಟೆಗಟ್ಟಲೆ ಕಲ್ಲನ್ನುಜ್ಜೆಂದರೆ ಯಾರು ಆಡುವರು, ಎಂದು ಪೂರ್ವಪಕ್ಷವುಂಟು. ಕಲ್ಲನ್ನು ಅಗೆಯುವುದೂ ಶ್ರಮವಲ್ಲವೇ ಎಂದೂ ಕೇಳಬಹುದು. ಇದಕ್ಕೆ ಸಮಾಧಾನವೇನೆಂದರೆ, ಗಳಿಸುವ ಶ್ರಮವು ಬೇರೆ, ಗೈಯುವ ಶ್ರಮವು ಬೇರೆ. ಇಲ್ಲಿ ಬೇಡಿದ್ದು ಕಾಲಪ್ರಮಾಣವಲ್ಲ, ಅನುಪಾತ. ಕವಿಯು ಹನ್ನೆರಡು ವರ್ಷದ ತಪಸ್ಸನ್ನು ಅರ್ಧಶ್ಲೋಕದಲ್ಲಿ ಮುಗಿಸಬಹುದು. ತಪಸ್ಸಿಲ್ಲದೆ ವರವು ಬಂದಿತೆಂದು ಹೇಳಲಾಗದು.

ಪರಿಹಾರವು ದೂರವಿಲ್ಲ. ಸಾಣೆಯಿಂದ ಒಂದೇ ಕೊಡಲಿಯನ್ನು ಮಸೆಯಬಹುದೆಂದೂ, ಮಸೆದಾಗಲೆಲ್ಲ ಕಲ್ಲು ಸವೆದು ಬಾಳಿಕೆ ಕುಗ್ಗುವುದೆಂದೂ ನಿಯಮಿಸಲಿ. ಪ್ರತಿಸಲವೂ ಮೂಲದ ನಾಲ್ಕನೆಯ ಒಂದು ಪಾಲು ಕುಗ್ಗುವುದಾದರೆ 131, 98, 65, 32 ಸೇರಿ 326 ಆಗಿ, ಕಬ್ಬಿಣದ 250ನ್ನು ಮೀರುವುದು, ಇದು ಅನುಚಿತ. ಅರ್ಧರ್ಧ ಕುಗ್ಗುವಂತೆ ಎರಡೇ ಸಲ ಮಸೆಯಬಹುದೆಂದರೆ 131, 65, 32 ಸೇರಿ 228. ಆಗ ಕಬ್ಬಿಣದ ಮೇಲ್ಮೆಗೆ ಕುಂದಿಲ್ಲ; ಕಾಪಾಡಿಕೊಂಡವನಿಗೆ ಫಲವೂ ಉಂಟು.

ಸಂಗನಕಲ್ಲಿನ ಗುಡ್ಡದ ಬಂಡೆಗಳಲ್ಲಿ ಉಜ್ಜಿದ ಗುಳಿಗಳು ಉಳಿದುಬಂದಿವೆ. ಕೊಡಲಿಗೆ ಅಲ್ಲಿಯವರು ತೆತ್ತ ಬೆಲೆಯ ಲೆಕ್ಕವು ಆ ಗುಳಿಗಳಲ್ಲಿದೆ. ಮೂರು ಕಲ್ಲು, ಎರಡು ಕಡ್ಡಿಗಳ ಎಣಿಕೆಯಲ್ಲಿ ಅದು ಬಿಟ್ಟುಹೋಗಿದೆ.