ಬಿತ್ತಿದರಷ್ಟೇ ಉಳಿಯುವ ವಸ್ತುಸಂಗ್ರಹಾಲಯ

ಇಂಗ್ಲೆಂಡಿನ ಹಳ್ಳಿಗಳನ್ನು ನೋಡಿ ಬಂದವರು ಅಲ್ಲಿನ ಪುಟ್ಟ ವಸ್ತುಸಂಗ್ರಹಾಲಯಗಳನ್ನು ತಪ್ಪದೆ ಹೊಗಳುತ್ತಾರೆ. ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನೂರಿನ ಹಕ್ಕಿ, ಹುಳು, ಗಿಡಗಳನ್ನು ವರ್ಷಗಟ್ಟಲೆ ಗಮನಿಸಿ 1789ರಲ್ಲಿ ಅದನ್ನು ಪುಸ್ತಕವಾಗಿ ಹೊರತಂದ. ಆತನ ಮನೆ, ತೋಟ ಇಂದಿಗೂ ಜನರಿಗೆ ತೆರೆದಿವೆ. ನಮ್ಮಲ್ಲಿ ಅಂಥದ್ದೇನಿದೆ ಎಂದು ಕೇಳುವವರು ಮಂಡ್ಯ ಜಿಲ್ಲೆಯಲ್ಲಿ ಒಂದು ದಿನ ನಿಧಾನವಾಗಿ ಸುತ್ತಾಡಬೇಕು. ವಿ.ಸಿ. ಫಾರಂ, ಶ್ರೀರಂಗಪಟ್ಟಣ, ಕಿರುಗಾವಲು ಇವು ಮೂರನ್ನೂ ಒಟ್ಟಿಗೆ ನೋಡಿದರೆ, ನಾವು ಏನನ್ನು ಕಾಪಾಡುತ್ತಿದ್ದೇವೆ, ಏನನ್ನು ಮರೆಯುತ್ತಿದ್ದೇವೆ ಎಂಬುದು ತಿಳಿಯುತ್ತದೆ.

ವಿ.ಸಿ. ಫಾರಂನ ಹೆಸರಲ್ಲೇ ನೀರಿದೆ. ಹಿಂದೆ ಇರ್ವಿನ್ ನಾಲೆ ಎನಿಸಿಕೊಂಡಿದ್ದ ವಿಶ್ವೇಶ್ವರಯ್ಯ ನಾಲೆಯೇ ಆ ವಿ.ಸಿ. ಕನ್ನಂಬಾಡಿಯ ನೀರು ಹರಿದ ಮೇಲೆ ಒಣಭೂಮಿಯಲ್ಲಿ ಭತ್ತ, ಕಬ್ಬು ಬಂದವು. ಆ ಬೇಸಾಯಕ್ಕೆ ವಿಜ್ಞಾನದ ಬೆಂಬಲ ಕೊಟ್ಟ ಜಾಗ ಇದು. ಡಾ. ಎಂ. ಮಹದೇವಪ್ಪನವರಂಥ ತಳಿ ವಿಜ್ಞಾನಿಗಳು ಇಲ್ಲಿ ದುಡಿದರು. ಕೆ.ಆರ್.ಎಚ್-2 ಎಂಬ ಹೈಬ್ರಿಡ್ ಭತ್ತ ಇಲ್ಲಿಂದ ನಾಡಿನ ಗದ್ದೆಗಳಿಗೆ ಹೋಯಿತು. ಅಕ್ಕಿಯ ಅಭಾವ ಕಂಡ ನಾಡಿಗೆ ಹೆಚ್ಚು ಇಳುವರಿಯ ತಳಿ ಕೊಟ್ಟವರ ಋಣವನ್ನು ಅಲ್ಲಗಳೆಯುವುದು ಸಲ್ಲದು. ಆದರೆ ಹೈಬ್ರಿಡ್ ಬೆಳೆಯ ಕಾಳನ್ನೇ ಎತ್ತಿಟ್ಟು ಮತ್ತೆ ಬಿತ್ತಿದರೆ ಪೈರು ಏಕರೂಪವಾಗಿ ಬರುವುದಿಲ್ಲ, ಇಳುವರಿಯೂ ಕುಸಿಯುತ್ತದೆ. ಆದ್ದರಿಂದ ರೈತ ಪ್ರತಿ ಬಿತ್ತನೆಗೂ ಬೀಜ ಕೊಳ್ಳಲೇಬೇಕು. ಮನೆಯ ಮೂಲೆಯಲ್ಲಿದ್ದ ಬೀಜದ ಮಡಕೆ ಬರಿದಾದದ್ದು ಹೀಗೆ.

ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರಲ್ಲಿ ಕಟ್ಟಿದ ತೇಗದ ಅರಮನೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಕರ್ನಲ್ ಬೈಲಿ ಸೋತದ್ದನ್ನು ಅದರ ಗೋಡೆಯ ಮೇಲೆ ನಮ್ಮ ಕಲಾವಿದರು ಬರೆದಿದ್ದಾರೆ. ಒಳಗಿನ ವಸ್ತುಸಂಗ್ರಹಾಲಯಕ್ಕೆ ಕಾಲಿಟ್ಟರೆ ಕುಂಚ ಕೈ ಬದಲಾಯಿಸುತ್ತದೆ. ಅಲ್ಲಿ ಎದ್ದು ಕಾಣುವುದು ರಾಬರ್ಟ್ ಕೆರ್ ಪೋರ್ಟರ್, ಥಾಮಸ್ ಹಿಕ್ಕಿ ಮುಂತಾದ ಬ್ರಿಟಿಷರ ಚಿತ್ರಗಳು, 1799ರ ಕೋಟೆ ದಾಳಿ, ಸುಲ್ತಾನರ ಮಕ್ಕಳ ಮುಖಗಳು. ಹೊರಗೆ ಗೆದ್ದ ಟಿಪ್ಪು, ಒಳಗೆ ಸೋತ ಟಿಪ್ಪು. ಎರಡು ಕಡೆಯೂ ರಣರಂಗವೇ. ಅವರ ಪ್ರಸಿದ್ಧ ಮರದ ಹುಲಿಯಂತೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಕನ್ನಂಬಾಡಿ ಕಟ್ಟೆಯ ಬಳಿ ಇರಿಸಿರುವ ಪಾರಸಿ ಶಿಲಾಶಾಸನ ಬೇರೊಬ್ಬ ಟಿಪ್ಪುವನ್ನು ತೋರಿಸುತ್ತದೆ. ಕಾವೇರಿಗೆ ಕಟ್ಟೆ ಕಟ್ಟುವ ಸಂಕಲ್ಪ ಅದರಲ್ಲಿದೆ. ಆ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವನಿಗೆ ಕಂದಾಯದ ಕಾಲುಭಾಗ ದೇವರ ಹೆಸರಲ್ಲಿ ಮಾಫಿ, ಭೂಮಿ ಅವನ ಸಂತತಿಗೆ ಎಂಬ ಮಾತಿದೆ. ಟಿಪ್ಪುವಿನ ಹೆಸರಲ್ಲಿ ವಾದ ಮಾಡುವ ಎರಡೂ ಬಣಗಳು ಕತ್ತಿಯ ಸುತ್ತಲೇ ನಿಂತಿವೆ. ಈ ಕಲ್ಲಿನ ಮುಂದೆ ನಿಂತು ಓದಿದವರೆಷ್ಟು ಮಂದಿ?

ಮಳವಳ್ಳಿ ತಾಲೂಕಿನ ಕಿರುಗಾವಲಿನಲ್ಲಿ ಆ ಪರಂಪರೆಗೆ ಇನ್ನೂ ಹಸಿರಿದೆ. ಪುರಾತತ್ವ, ವಸ್ತುಸಂಗ್ರಹಾಲಯ ಶಾಸ್ತ್ರ ಓದಿದ ಸೈಯದ್ ಘನಿ ಖಾನ್ ಮನೆಯ ಜವಾಬ್ದಾರಿ ಹೊತ್ತು ರೈತರಾದರು. ಓದಿದ್ದು ವ್ಯರ್ಥವಾಗಲಿಲ್ಲ. ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕೂಡಿಸಿ, ಮನೆಯನ್ನೇ ಭತ್ತದ ವಸ್ತುಸಂಗ್ರಹಾಲಯ ಮಾಡಿದರು. ರಾಜಮುಡಿ, ರತ್ನಚೂಡಿ, ಗಂಧಸಾಲೆ, ನವರ ಎಂಬ ಹೆಸರುಗಳು ಅಲ್ಲಿ ಬರೀ ಹೆಸರಲ್ಲ, ಕಾಳು. ಟಿಪ್ಪುವಿನ ಕಾಲದ್ದೆಂದು ಹೇಳುವ ಬಡಾ ಬಾಗ್ ಎಂಬ ಅವರ ಮಾವಿನ ತೋಪಿನಲ್ಲಿ ನೂರಕ್ಕೂ ಮಿಕ್ಕಿ ಬಗೆಯ ಮಾವು ಹಣ್ಣು ಬಿಡುತ್ತವೆ.

ಈ ವಸ್ತುಸಂಗ್ರಹಾಲಯದ ಕಷ್ಟ ಬೇರೆ ಬಗೆಯದು. ಗಾಜಿನ ಪೆಟ್ಟಿಗೆಯಲ್ಲಿಟ್ಟ ನಾಣ್ಯ ನೂರು ವರ್ಷ ಇರುತ್ತದೆ. ಮನೆಯಲ್ಲಿಟ್ಟ ಭತ್ತದ ಬೀಜ ಒಂದೆರಡು ವರ್ಷದಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಒಂದೊಂದು ತಳಿಯನ್ನೂ ಪುಟ್ಟ ತಾಕಿನಲ್ಲಿ ಮತ್ತೆ ಮತ್ತೆ ಬಿತ್ತಬೇಕು, ಕಲಬೆರಕೆಯಾಗದಂತೆ ಬೇರೆಬೇರೆಯಾಗಿ ಕೊಯ್ದು, ಬಡಿದು, ಒಣಗಿಸಿ ಇಡಬೇಕು. ನಾಲೆಗೆ ನೀರು ಬಾರದ ವರ್ಷವೂ ಈ ಕೆಲಸ ನಿಲ್ಲುವಂತಿಲ್ಲ. ಇಷ್ಟು ದೊಡ್ಡ ಹೊರೆಯನ್ನು ಒಂದು ಕುಟುಂಬದ ಹೆಗಲಿಗೆ ಹೊರಿಸಿ, ನಾವು ಒಂದು ಮಧ್ಯಾಹ್ನ ಹೋಗಿ ಬೆರಗಾಗಿ, ಫೋಟೋ ತೆಗೆದುಕೊಂಡು ಬಂದರೆ ಸಾಕೇ?

ವಿ.ಸಿ. ಫಾರಂ ಮತ್ತು ಕಿರುಗಾವಲು ಎದುರಾಳಿಗಳಲ್ಲ. ನಾಳೆ ಹೊಸ ರೋಗ ಬಂದಾಗ, ಮಳೆ ಕೈಕೊಟ್ಟಾಗ ತಳಿ ವಿಜ್ಞಾನಿ ಹುಡುಕುವ ಗುಣ ಹಳೆಯ ತಳಿಯಲ್ಲೇ ಸಿಗಬಹುದು. ಸಂಶೋಧನಾ ಕೇಂದ್ರಗಳು ಇಂಥ ರೈತರನ್ನು ಮೇಳದಲ್ಲಿ ಶಾಲು ಹೊದಿಸಿ ಕಳಿಸುವ ಬದಲು ಜೊತೆಗಾರರಾಗಿ ಕಾಣಬೇಕು. ನಮ್ಮ ಶಾಲೆಗಳ ಪ್ರವಾಸದ ಪಟ್ಟಿಯಲ್ಲಿ ಬೃಂದಾವನದ ಕಾರಂಜಿಯ ಜೊತೆ ಕಿರುಗಾವಲಿನ ಗದ್ದೆಯೂ ಸೇರಬೇಕು. ಇನ್ನು ನಾವು, ತಿಂಗಳ ದಿನಸಿಯಲ್ಲಿ ನಾಲ್ಕು ಸೇರು ರಾಜಮುಡಿಯನ್ನಾದರೂ ಸೇರಿಸಬಹುದು. ತಿನ್ನುವವರಿಲ್ಲದ ಭತ್ತವನ್ನು ಯಾವ ರೈತನೂ ಬಹಳ ಕಾಲ ಬಿತ್ತಲಾರ.