ದಡಕ್ಕೆ ಹೋಗುವ ಮುನ್ನ ಹೊಳೆಯ ಸುದ್ದಿ ಕೇಳಿ

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಹೊರಟು, ಕನಕಪುರ ದಾಟಿ, ಉಯ್ಯಂಬಳ್ಳಿ ಹೋಬಳಿಯ ಕಡೆಯ ರಸ್ತೆ ಹಿಡಿದು ಸಂಗಮಕ್ಕೆ ಬಂದಿಳಿಯುವ ಬಹುಪಾಲು ಜನ ಹೊಳೆಯನ್ನು ಅಳೆಯುವುದು ಒಂದೇ ರೀತಿಯಲ್ಲಿ. ದಡದಲ್ಲಿ ನಿಂತು ಕಣ್ಣು ಹಾಯಿಸುತ್ತಾರೆ. ನೀರು ಇಳಿದಿದೆ, ಬಂಡೆಗಳು ಕಾಣುತ್ತಿವೆ, ಬಿಸಿಲು ಚೆನ್ನಾಗಿದೆ, ಮಳೆಯ ಸುಳಿವಿಲ್ಲ ಎಂದರೆ ಅಷ್ಟಕ್ಕೇ ತೀರ್ಮಾನವಾಗಿಬಿಡುತ್ತದೆ. ಚಪ್ಪಲಿ ದಡದಲ್ಲಿ ಉಳಿಯುತ್ತದೆ, ಜನ ನೀರಿನಲ್ಲಿರುತ್ತಾರೆ. ಈ ಕ್ರಮವೇ ತಪ್ಪು ಎಂಬುದು ಈ ವಾರದ ನನ್ನ ವಾದ. ಹೊಳೆಗೆ ಇಳಿಯಬೇಕೇ, ತೆಪ್ಪ ಹತ್ತಬೇಕೇ ಎಂಬುದು ಹಿಂದಿನ ದಿನವೇ, ಮನೆಯಲ್ಲಿ ಕೂತು, ಅಂಕಿ ಅಂಶ ನೋಡಿ ತೀರ್ಮಾನವಾಗಬೇಕು. ದಡದಲ್ಲಿ ನಿಂತ ಕಣ್ಣಿಗೆ ಇರಬೇಕಾದದ್ದು ಒಂದೇ ಅಧಿಕಾರ, ಬೇಡ ಎನ್ನುವ ಅಧಿಕಾರ. ಮನೆಯಲ್ಲಿ ಹೂಂ ಎಂದದ್ದನ್ನು ದಡದಲ್ಲಿ ಬೇಡವೆನ್ನಬಹುದು. ಮನೆಯಲ್ಲಿ ಬೇಡವೆಂದು ತೀರ್ಮಾನಿಸಿದ್ದನ್ನು ದಡದಲ್ಲಿ ಹೂಂ ಎನ್ನಬಾರದು.

ಈ ನಿಯಮ ಹೊಸದೇನಲ್ಲ. ಕಡಲಲ್ಲಿ ಆಡುವ ಕೈಟ್‌ಬೋರ್ಡಿಂಗ್ ಇದನ್ನು ತನ್ನ ಮೊದಲ ಪಾಠವಾಗಿಯೇ ಕಲಿಸುತ್ತದೆ. ಸೊಂಟಪಟ್ಟಿಗೆ ಸಿಕ್ಕಿಸಿದ ಇಪ್ಪತ್ತು ಇಪ್ಪತ್ತೈದು ಮೀಟರ್ ಉದ್ದದ ದಾರಗಳು, ಅವುಗಳ ತುದಿಯಲ್ಲಿ ಹತ್ತು ಹನ್ನೆರಡು ಚದರ ಮೀಟರಿನ ಗಾಳಿಪಟ, ಕಾಲಡಿಗೊಂದು ಹಲಗೆ. ನಮ್ಮ ದೇಶದಲ್ಲಿ ರಾಮೇಶ್ವರ, ತೂತ್ತುಕುಡಿ ಕಡೆ ಈ ಆಟ ನೆಲೆಯೂರಿದೆ. ನಮ್ಮ ಮೂಲ್ಕಿ, ಸಸಿಹಿತ್ಲು ಕಡಲು ಹೆಸರಾಗಿರುವುದು ಸರ್ಫಿಂಗ್‌ಗೆ. ಪಟದವರು ಗಂಟು ಮೂಟೆ ಬಿಚ್ಚುವ ಮೊದಲೇ ಗಾಳಿಯ ಮುನ್ಸೂಚನೆ ನೋಡಿರುತ್ತಾರೆ: ವೇಗ ಎಷ್ಟು, ದಿಕ್ಕು ಯಾವುದು, ಮಧ್ಯೆ ಮಧ್ಯೆ ಬೀಸುವ ಹೊಡೆತ ಎಷ್ಟು ಬಲದ್ದು. ಗಾಳಿಯ ವೇಗ ಹತ್ತು ನಾಟ್‌ನಿಂದ ಇಪ್ಪತ್ತಕ್ಕೆ ಏರಿದರೆ ಪಟದ ಮೇಲಿನ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ ಎಂಬ ಲೆಕ್ಕ ಅವರಿಗೆ ಬಾಯಿಪಾಠ. ಇನ್ನೂ ಮುಖ್ಯವಾದದ್ದು ದಿಕ್ಕು. ನೆಲದಿಂದ ಕಡಲಿಗೆ ಬೀಸುವ ಗಾಳಿಯಲ್ಲಿ ದಡದ ಬಳಿಯ ನೀರು ಅಲೆಯೇಳದೆ ನಯವಾಗಿ ಹರಡಿಕೊಂಡಿರುತ್ತದೆ. ಹೊಸಬರ ಕಣ್ಣಿಗೆ ಆಡಲು ಇದಕ್ಕಿಂತ ಒಳ್ಳೆಯ ದಿನವಿಲ್ಲ. ಆದರೆ ಪಟ ಬಿದ್ದರೆ, ದಾರ ಹರಿದರೆ ಆ ಗಾಳಿ ಮನುಷ್ಯನನ್ನು ತಳ್ಳುವುದು ಒಳಗಡಲಿಗೇ. ಹಾಗಾಗಿ ಜೊತೆಗೆ ಕಾವಲು ದೋಣಿ ಇಲ್ಲದೆ ಆ ಗಾಳಿಯಲ್ಲಿ ಯಾರೂ ಇಳಿಯಕೂಡದು ಎಂಬುದು ಆ ಆಟದ ಕಟ್ಟುನಿಟ್ಟು. ನೋಡಲು ಅತಿ ಶಾಂತವಾದದ್ದೇ ಅತಿ ಅಪಾಯದ್ದಾಗಿರಬಹುದು ಎಂಬ ತಿಳಿವಳಿಕೆ ಇಲ್ಲಿ ಆಟದ ನಿಯಮವೇ ಆಗಿದೆ. ನಮ್ಮ ಒಳನಾಡಿನ ಹೊಳೆಗಳಿಗೆ ಇಂಥದೊಂದು ಶಿಸ್ತು ಇನ್ನೂ ಬಂದಿಲ್ಲ.

ಸಂಗಮದ ನೀರನ್ನು ಸಂಗಮದಲ್ಲಿ ನಿಂತು ಏಕೆ ಅಳೆಯಲಾಗದು? ಆ ನೀರಿನ ಸಂಗತಿಗಳೆಲ್ಲ ಬೇರೆಲ್ಲೋ ನಡೆದಿರುತ್ತವೆ. ನಂದಿಬೆಟ್ಟದ ಕಡೆಯಿಂದ ಬರುವ ಅರ್ಕಾವತಿ ಇಲ್ಲಿ ಕಾವೇರಿಯನ್ನು ಸೇರುತ್ತದೆ. ಅಷ್ಟರಲ್ಲಿ ಬೆಂಗಳೂರಿನ ವೃಷಭಾವತಿ ಅದಕ್ಕೆ ಕೂಡಿರುತ್ತದೆ, ಹಾರೋಬೆಲೆಯ ಜಲಾಶಯ ಅದನ್ನು ತಡೆದು ಬಿಟ್ಟಿರುತ್ತದೆ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾತ್ರಿ ಸುರಿದ ಮಳೆ ಇಲ್ಲಿ ಮೋಡವೇ ಇಲ್ಲದ ಆಕಾಶದಡಿ ಕೆಂಪು ನೀರಾಗಿ ಬರಬಹುದು. ಕಾವೇರಿಯ ಕಡೆಯಿಂದ ಬರುವುದು ಕನ್ನಂಬಾಡಿ ಕಟ್ಟೆ ಬಿಟ್ಟ ನೀರು. ತಿರುಮಕೂಡಲಿನಲ್ಲಿ ಅದಕ್ಕೆ ಕಬಿನಿಯ ನೀರು ಸೇರಿರುತ್ತದೆ, ಇನ್ನೂ ಕೆಳಗೆ ಶಿಂಷಾ ಕೂಡಿರುತ್ತದೆ. ಕೊಡಗಿನಲ್ಲೋ ವಯನಾಡಿನಲ್ಲೋ ಮಳೆ ಹೊಯ್ದರೆ ಕಟ್ಟೆಯ ಬಾಗಿಲು ತೆರೆಯುತ್ತದೆ. ತೆರೆದ ನೀರು ಹರಿವಿನ ಪ್ರಮಾಣಕ್ಕೆ ತಕ್ಕಂತೆ ಒಂದೆರಡು ದಿನ ತೆಗೆದುಕೊಂಡು ಸಂಗಮ ಮುಟ್ಟುತ್ತದೆ. ಅಂದರೆ ಇಂದು ನಿಮ್ಮ ಕಣ್ಣೆದುರಿನ ಹೊಳೆ ಮೊನ್ನೆಯದು. ನಾಳೆಯ ಹೊಳೆ ಈಗ ಶ್ರೀರಂಗಪಟ್ಟಣವನ್ನೋ ತಲಕಾಡನ್ನೋ ದಾಟುತ್ತಿರುತ್ತದೆ.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಇದರೊಳಗೇ ಒಂದು ದೊಡ್ಡ ಅನುಕೂಲವಿದೆ. ಕೈಟ್‌ಬೋರ್ಡಿಂಗ್‌ನವರು ನಂಬುವುದು ಮುನ್ಸೂಚನೆಯನ್ನು, ಅದು ಹುಸಿಯಾಗಬಹುದು. ನಮಗೆ ಸಿಗುವುದು ಆಗಲೇ ಅಳೆದು ಬಿಟ್ಟ ನೀರಿನ ಲೆಕ್ಕ. ಕನ್ನಡ ಪತ್ರಿಕೆಗಳು ಮಳೆಗಾಲದಲ್ಲಿ ದಿನವೂ ಜಲಾಶಯಗಳ ಮಟ್ಟದ ಪಟ್ಟಿ ಅಚ್ಚು ಹಾಕುತ್ತವೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಅದನ್ನು ಪ್ರಕಟಿಸುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದರಲ್ಲಿ ಮಟ್ಟವನ್ನಷ್ಟೇ ನೋಡುತ್ತೇವೆ, ಕನ್ನಂಬಾಡಿಯ ಗರಿಷ್ಠ ಮಟ್ಟವಾದ 124.80 ಅಡಿಗೆ ಇನ್ನೆಷ್ಟು ಬಾಕಿ ಎಂದು. ಹೊಳೆಗೆ ಹೋಗುವವರು ನೋಡಬೇಕಾದದ್ದು ಒಳಹರಿವು, ಹೊರಹರಿವಿನ ಅಂಕಣಗಳನ್ನು. ಕಟ್ಟೆ ತುಂಬಿರುವಾಗ ಒಳಹರಿವು ಏರುತ್ತಿದ್ದರೆ ಹೊರಹರಿವು ಇಂದಲ್ಲ ನಾಳೆ ಏರಲೇಬೇಕು, ನೀರನ್ನು ಹಿಡಿದಿಡಲು ಜಾಗವಿರುವುದಿಲ್ಲ. ಹೊರಹರಿವಿನ ಅಂಕಿಯಲ್ಲಿ ನಾಲೆಗಳಿಗೆ ಬಿಟ್ಟ ನೀರೂ ಸೇರಿರಬಹುದಾದ್ದರಿಂದ ನದಿಗೆ ಬಿಟ್ಟದ್ದೆಷ್ಟು ಎಂದು ಬಿಡಿಸಿ ನೋಡಬೇಕು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 2024ರ ಜುಲೈ ಕೊನೆಯಲ್ಲಿ ಕನ್ನಂಬಾಡಿಯಿಂದ ಹೊಳೆಗೆ ಬಿಟ್ಟ ನೀರು ಒಂದು ಲಕ್ಷ ಕ್ಯೂಸೆಕ್ ದಾಟಿತ್ತು. ಸೆಕೆಂಡಿಗೆ ಎರಡೂ ಮುಕ್ಕಾಲು ಸಾವಿರ ಟನ್ನಿಗೂ ಹೆಚ್ಚು ನೀರು ಅದು. ಅಂಥ ದಿನ ಯಾರೂ ಇಳಿಯುವುದಿಲ್ಲ, ಪೊಲೀಸರೇ ತಡೆಯುತ್ತಾರೆ. ನನಗೆ ಕಳವಳ ಹುಟ್ಟಿಸುವುದು ಐದು ಸಾವಿರ ಇದ್ದದ್ದು ಹದಿನೈದು ಇಪ್ಪತ್ತು ಸಾವಿರವಾಗುವ ದಿನಗಳು. ಸುದ್ದಿಯ ಶೀರ್ಷಿಕೆಯಾಗದ, ತಡೆಯಲು ಯಾರೂ ಇಲ್ಲದ ದಿನಗಳವು. ಮಳೆಗಾಲ ಶುರುವಾಗಿ ತಿಂಗಳಾಗಲಿ, ಆಮೇಲೆ ಎಚ್ಚರವಾಗಿದ್ದರೆ ಸಾಕು ಎನ್ನುವ ಲೆಕ್ಕವೂ ಕೆಟ್ಟಿದೆ. 2025ರಲ್ಲಿ ಕನ್ನಂಬಾಡಿ ಜೂನ್ ತಿಂಗಳಲ್ಲೇ ತುಂಬಿತು. ಕಟ್ಟೆಯ ಚರಿತ್ರೆಯಲ್ಲಿ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು.

ಹಾಗಾದರೆ ಬೇಸಿಗೆಯಲ್ಲಿ ಹೋದರೆ ಆಯಿತಲ್ಲ, ಕಟ್ಟೆಯೇ ಬರಿದಾಗಿರುವಾಗ ಭಯವೇನು ಎಂದು ಕೇಳಬಹುದು. ಈ ಪ್ರಶ್ನೆಗೆ ಉತ್ತರ ನೋವಿನದ್ದು. 2023ರ ಮುಂಗಾರು ಕೈಕೊಟ್ಟು, ಮರುವರ್ಷದ ಬೇಸಿಗೆಯಲ್ಲಿ ಕಾವೇರಿ ಬಡವಾಗಿದ್ದಾಗಲೇ, 2024ರ ಏಪ್ರಿಲ್ ಕೊನೆಯಲ್ಲಿ, ಬೆಂಗಳೂರಿನಿಂದ ಬಂದಿದ್ದ ಐವರು ವಿದ್ಯಾರ್ಥಿಗಳು ಮೇಕೆದಾಟಿನ ಬಳಿ ನೀರುಪಾಲಾದರು. ಅದೇ ವರ್ಷದ ಡಿಸೆಂಬರಿನಲ್ಲಿ, ಕಡಲು ಮಳೆಗಾಲದ ಅಬ್ಬರ ಮುಗಿಸಿ ತಿಳಿಯಾಗಿದ್ದ ಕಾಲದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರನ್ನು ಮುರ್ಡೇಶ್ವರದ ಸಮುದ್ರ ಎಳೆದುಕೊಂಡಿತು. ಎರಡೂ ಕಡೆ ಋತು ಒಳ್ಳೆಯದೇ ಇತ್ತು. ನೀರು ಕಡಿಮೆ ಇದ್ದಾಗ ಮೇಕೆದಾಟಿನ ಅಪಾಯ ಹೋಗುವುದಿಲ್ಲ, ರೂಪ ಬದಲಿಸಿಕೊಳ್ಳುತ್ತದೆ. ಸಂಗಮದಲ್ಲಿ ಅಗಲವಾಗಿ ಹರಡಿಕೊಂಡ ಕಾವೇರಿ ನಾಲ್ಕೈದು ಕಿಲೋಮೀಟರ್ ಕೆಳಗೆ ಮೇಕೆದಾಟಿನ ಕಲ್ಲಿನ ಇಕ್ಕಟ್ಟಿನೊಳಗೆ ನುಗ್ಗುತ್ತದೆ. ಅಗಲ ಕುಗ್ಗಿದಷ್ಟೂ ಆಳವೂ ವೇಗವೂ ಹೆಚ್ಚಬೇಕು. ಸಾವಿರಾರು ವರ್ಷ ಕಲ್ಲುಗುಂಡುಗಳು ಸುಳಿಯಲ್ಲಿ ತಿರುಗಿ ತಿರುಗಿ ಬಂಡೆಯಲ್ಲಿ ಕೊರೆದ ಗುಂಡಿಗಳು ನೀರಿನಡಿ ಇವೆ. ಮೊಣಕಾಲುದ್ದದ ನೀರಿನಿಂದ ಮುಂದಿನ ಹೆಜ್ಜೆಗೇ ಆಳುದ್ದದ ಮಡು ಸಿಗುತ್ತದೆ. ಈಜು ಬರುತ್ತದೆ ಎನ್ನುವವರು ಒಂದು ಲೆಕ್ಕ ಮಾಡಿ ನೋಡಬೇಕು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಸೆಕೆಂಡಿಗೆ ಒಂದು ಮೀಟರ್, ಅಂದರೆ ನಾವು ಸಾವಕಾಶ ನಡೆಯುವ ವೇಗದಲ್ಲಿ ಹರಿಯುವ ನೀರು ಎದೆಮಟ್ಟ ನಿಂತವರನ್ನು ತಳ್ಳುವ ಬಲ, ಗಂಟೆಗೆ ನೂರು ಕಿಲೋಮೀಟರ್ ವೇಗದ ಬಿರುಗಾಳಿ ತಳ್ಳುವ ಬಲಕ್ಕೆ ಸಮ. ಅಂಥ ಗಾಳಿಯಲ್ಲಿ ಬಯಲಿಗೆ ಹೋಗಿ ನಿಲ್ಲೆಂದರೆ ಯಾರೂ ಒಪ್ಪಲಾರರು. ಕಾಲಡಿ ಪಾಚಿ ಹಿಡಿದ ಬಂಡೆಯಿದ್ದರೆ ಈಜು ಶುರುವಾಗುವ ಮುಂಚೆಯೇ ಎಲ್ಲ ಮುಗಿದಿರುತ್ತದೆ.

ತೆಪ್ಪದ ಮಾತು ಬೇರೆ. ಅದನ್ನು ಮೆಚ್ಚದೆ ಇರಲಾರೆ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಾಗಿ ಹೆಣೆದು, ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರು ಬಳಿಯುತ್ತಾರೆ. ತಳ ಚಪ್ಪಟೆಯಾದ್ದರಿಂದ ಗೇಣು ನೀರಿದ್ದರೂ ತೇಲುತ್ತದೆ, ಬಂಡೆಗೆ ತಾಗಿದರೆ ಒಡೆಯದೆ ಬಾಗಿ ಜಾರಿಕೊಳ್ಳುತ್ತದೆ. ಕಲ್ಲು ತುಂಬಿದ ಹೊಳೆಗೆ ಇದಕ್ಕಿಂತ ಒಪ್ಪುವ ದೋಣಿ ಇಲ್ಲ. ಅದರ ಗುಣವೇ ಅದರ ಮಿತಿಯೂ ಹೌದು. ನೀರನ್ನು ಕಚ್ಚಿ ಹಿಡಿಯುವ ಅಡಿಗಟ್ಟು ಇಲ್ಲದ ಕಾರಣ ಹೊಳೆ ಎಳೆದತ್ತ, ಗಾಳಿ ದೂಡಿದತ್ತ ಹೋಗುತ್ತದೆ. ಅದನ್ನು ನೇರ ನಡೆಸುವುದು ಒಂದೇ ಒಂದು ಹುಟ್ಟು ಮತ್ತು ಅದನ್ನು ಹಿಡಿದ ಕೈ. ಹಾಗಾಗಿ ಗಾಳಿಯ ವಿಚಾರ ಇಲ್ಲಿಯೂ ಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಸೀಮೆಯಲ್ಲಿ ಬೀಸುವ ಮುಂಗಾರು ಗಾಳಿ ಹೊಳೆ ಹರಿಯುವ ಕಡೆಗೇ ತಿರುಗಿದರೆ ತೆಪ್ಪಕ್ಕೆ ಸೆಳವು, ಗಾಳಿ ಎರಡೂ ಒಂದೇ ಕಡೆ ಎಳೆಯುತ್ತವೆ. ಹತ್ತುವ ಮುನ್ನ ಅಂಚನ್ನು ನೋಡಿ. ಜನ ಕೂತ ಮೇಲೆ ನೀರಿನಿಂದ ಒಂದು ಗೇಣೂ ಮೇಲಿಲ್ಲದಿದ್ದರೆ ಇಳಿದುಬಿಡಿ. ತೇಲುಜಾಕೀಟು ಇಲ್ಲದಿದ್ದರೆ ಹತ್ತಲೇಬೇಡಿ. ಇನ್ನೊಂದು ಕೆಲಸಕ್ಕೆ ಕಾಲು ಗಂಟೆ ಸಾಕು. ನೀರಂಚಿನಲ್ಲಿ ಒಂದು ಕಡ್ಡಿ ನೆಟ್ಟು ಕಾಯಿರಿ. ಕಡ್ಡಿ ಮುಳುಗುತ್ತಾ ಬಂದರೆ, ಒಣ ಎಲೆ, ಕಸ, ನೊರೆ ತೇಲಿ ಬರತೊಡಗಿದರೆ, ತಿಳಿಯಿದ್ದ ನೀರು ಕದಡಿದರೆ ಮೇಲಿನಿಂದ ಹೊಸ ನೀರು ಬರುತ್ತಿದೆ. ಆಗ ಮಕ್ಕಳನ್ನು, ಸಾಮಾನನ್ನು ಮೇಲಕ್ಕೆ ಸಾಗಿಸುವುದೊಂದೇ ಕೆಲಸ.

ಇಷ್ಟೆಲ್ಲ ಪಟ್ಟಿ, ಅಂಕಿ ಯಾಕೆ, ಹೊಳೆದಡದ ಊರಿನವರು ತಲೆತಲಾಂತರದಿಂದ ನೀರು ನೋಡಿಯೇ ದಾಟುತ್ತಾ ಬಂದಿಲ್ಲವೇ ಎನ್ನುವವರಿದ್ದಾರೆ. ಈ ಆಕ್ಷೇಪಣೆಯಲ್ಲಿ ತೂಕವಿದೆ. ಯಾವ ಬಂಡೆಯ ಹಿಂದೆ ಸುಳಿಯಿದೆ, ಯಾವ ಮಡುವಿನಲ್ಲಿ ಮೊಸಳೆ ಬಿಸಿಲು ಕಾಯುತ್ತದೆ ಎಂಬುದು ಯಾವ ಪಟ್ಟಿಯಲ್ಲೂ ಬರುವುದಿಲ್ಲ, ಅದು ಅವರಿಗೇ ಗೊತ್ತು. ಆದರೆ ಎರಡು ಮಾತು ಸೇರಿಸಬೇಕು. ಅವರ ಅರಿವು ಕಟ್ಟೆಗಳಿಲ್ಲದ ಹೊಳೆಯ ಜೊತೆ ಬೆಳೆದದ್ದು. ಕನ್ನಂಬಾಡಿ ಕಟ್ಟೆ ಮುಗಿದದ್ದು 1930ರ ದಶಕದ ಮೊದಲಲ್ಲಿ. ಅದಕ್ಕೂ ಮುಂಚೆ ಪ್ರವಾಹ ಬರುವುದಿದ್ದರೆ ಮೋಡ, ಗಾಳಿ, ಮಳೆಯ ಜೊತೆ ಬರುತ್ತಿತ್ತು, ಹೊಳೆ ತನ್ನ ಸುದ್ದಿಯನ್ನು ತಾನೇ ಹೇಳುತ್ತಿತ್ತು. ಈಗ ಬಾಗಿಲು ಎತ್ತುವ ನಿರ್ಧಾರ ಎಷ್ಟೋ ಕಿಲೋಮೀಟರ್ ಆಚೆ ಆಗುತ್ತದೆ, ಅದರ ಸುದ್ದಿ ಆಕಾಶದಲ್ಲಿ ಕಾಣುವುದಿಲ್ಲ. ಎರಡನೆಯದು, ಊರಿನವರ ಅರಿವಿನ ಅರ್ಧ ಇರುವುದು ಇಳಿಯುವುದರಲ್ಲಿ, ಉಳಿದರ್ಧ ಇಳಿಯದಿರುವುದರಲ್ಲಿ. ತೆಪ್ಪದವರು ಇವತ್ತು ಬೇಡ ಸ್ವಾಮಿ ಎಂದಾಗ ಇನ್ನೂರು ರೂಪಾಯಿ ಹೆಚ್ಚು ಕೊಡುತ್ತೇವೆ ಎನ್ನುವ ನಮ್ಮ ಚಾಳಿ ಆ ಅರಿವನ್ನೇ ಕೊಂಡುಕೊಳ್ಳುತ್ತದೆ. ದಿನದ ದುಡಿಮೆ ನಂಬಿದವರನ್ನು ಅಂಥ ಇಕ್ಕಟ್ಟಿಗೆ ದೂಡುವುದು ಅನ್ಯಾಯ.

ಇನ್ನೊಂದು ಆಕ್ಷೇಪಣೆ ನನ್ನಂಥ ನೀರಿನ ಹುಚ್ಚಿನವರದ್ದೇ. ಹೀಗೆ ಎಲ್ಲವನ್ನೂ ಲೆಕ್ಕ ಹಾಕುತ್ತಾ ಹೋದರೆ ಖುಷಿ ಎಲ್ಲಿ ಉಳಿಯುತ್ತದೆ ಎಂಬುದು. ಕಡಲಿನ ಪಟದವರನ್ನು ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ಅವರು ಗಾಳಿಯ ಪಟ್ಟಿ ನೋಡುವುದನ್ನು ಆಟದ ಹೊರಗಿನ ಕರ್ಮವೆಂದು ಎಣಿಸುವುದಿಲ್ಲ. ನಾಳೆ ಮಧ್ಯಾಹ್ನ ಗಾಳಿ ವಾಯವ್ಯಕ್ಕೆ ತಿರುಗುತ್ತದೆ ಎಂದು ಊಹಿಸಿ ಕಾಯುವುದರಲ್ಲೇ ಅವರಿಗೆ ಅರ್ಧ ಸಂತೋಷ. ಹೊಳೆಯನ್ನೂ ಹಾಗೆ ಹಿಂಬಾಲಿಸಬಹುದು. ಭಾಗಮಂಡಲದಲ್ಲಿ ಬಿದ್ದ ಮಳೆ ಹಾರಂಗಿ, ಹೇಮಾವತಿಯ ನೀರಿನ ಜೊತೆಗೂಡಿ ಕನ್ನಂಬಾಡಿಯಲ್ಲಿ ನಿಂತು, ಶಿವನಸಮುದ್ರದಲ್ಲಿ ಧುಮುಕಿ, ಯಾವ ದಿನ ಸಂಗಮಕ್ಕೆ ಬಂದೀತು ಎಂದು ಪತ್ರಿಕೆ ಹಿಡಿದು ಲೆಕ್ಕ ಹಾಕುವವರಿಗೆ ಸಂಗಮ ಬರೀ ಫೋಟೊ ತೆಗೆಯುವ ಜಾಗವಾಗಿ ಉಳಿಯುವುದಿಲ್ಲ. ಇಳಿಯಲಾಗದ ದಿನವೂ ದಡದ ಎತ್ತರದಲ್ಲಿ ನಿಂತು ಆ ನೀರನ್ನು ನೋಡುವುದಕ್ಕೆ ಹೋಗಬಹುದು.

ಜನರಿಗೆ ಬುದ್ಧಿ ಹೇಳಿ ಸುಮ್ಮನಾಗುವುದೂ ಸಲ್ಲ. ಸಂಗಮದಲ್ಲಿ ಅಪಾಯ, ನೀರಿಗೆ ಇಳಿಯಬೇಡಿ ಎಂಬ ಫಲಕಗಳಿವೆ. ವರ್ಷವಿಡೀ ಒಂದೇ ಮಾತು ಹೇಳುವ ಫಲಕವನ್ನು ಯಾರೂ ಓದುವುದಿಲ್ಲ. ಇಲ್ಲಿಂದ ಕೆಳಗೆ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ, ತಮಿಳುನಾಡಿಗೆ ಹರಿಯುವ ನೀರಿನ ಲೆಕ್ಕ ಅಲ್ಲಿ ದಿನವೂ ಆಗುತ್ತದೆ. ಎರಡು ರಾಜ್ಯಗಳ ಪಾಲಿಗಾಗಿ ಇಷ್ಟು ಕಟ್ಟುನಿಟ್ಟಾಗಿ ಅಳೆಯುವ ನೀರನ್ನು ಅದರ ದಡದಲ್ಲಿ ನಿಂತ ಮನುಷ್ಯನಿಗೂ ತಿಳಿಸಬೇಕು. ಜಿಲ್ಲಾಡಳಿತ ಸಂಗಮದ ವಾಹನ ನಿಲ್ದಾಣದಲ್ಲಿ ಒಂದು ಕಪ್ಪು ಹಲಗೆ ಹಾಕಿಸಲಿ. ಕನ್ನಂಬಾಡಿ, ಕಬಿನಿ, ಹಾರೋಬೆಲೆಯಿಂದ ನಿನ್ನೆ ಬಿಟ್ಟ ನೀರೆಷ್ಟು, ಇಂದು ಬಿಟ್ಟದ್ದೆಷ್ಟು ಎಂದು ದಿನವೂ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆಸಲಿ, ಇಂದು ತೆಪ್ಪ ಉಂಟೋ ಇಲ್ಲವೋ ಎಂದು ಅದರ ಕೆಳಗೆ ಸ್ಪಷ್ಟವಾಗಿ ಹಾಕಿಸಲಿ, ಇಲ್ಲವೆಂದ ದಿನ ತೆಪ್ಪದವರ ಕೂಲಿಗೆ ದಾರಿ ಮಾಡಲಿ. ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ, ಬರುವ ಮುಂಗಾರಿಗೆ ಮುಂಚೆಯೇ ಆಗಬಹುದಾದ ಕೆಲಸ. ಅಲ್ಲಿಯವರೆಗೆ ಶನಿವಾರ ಸಂಜೆ ನೀವೇ ಆ ಪಟ್ಟಿ ನೋಡಿ, ಹಿಂದಿನ ಎರಡು ದಿನಗಳದ್ದನ್ನೂ ಪಕ್ಕದಲ್ಲಿಟ್ಟುಕೊಂಡು. ಅಂಕಿ ಏರುತ್ತಿದ್ದರೆ ಆ ಭಾನುವಾರ ನೀರಿಗೆ ಇಳಿಯಬೇಡಿ.