ಕುಳಿತಲ್ಲೇ ಇನ್ನೊಬ್ಬರಾಗುವ ಆಟ

ಯಕ್ಷಗಾನದ ಕುಳಿತಾಡುವ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಪಾತ್ರವಾಗಿ ಮಾತನಾಡುವ ಅರ್ಥಧಾರಿ ಕುಳಿತಲ್ಲೇ ಕರ್ಣನಾಗುತ್ತಾನೆ. ಕರ್ಣ ಸಾಯುವುದು ಎಲ್ಲರಿಗೂ ಗೊತ್ತು, ಆದರೂ ಅವನ ಸಂಕಟ ಪ್ರತಿಸಲ ಹೊಸದು. ಮುಂಬಯಿಯ ಮಾಟುಂಗದ ಕನ್ನಡಿಗನಾದ ನನಗೆ ‘ರೋಸೆನ್‌ಸ್ಟ್ರಾಸೆ’ ಎಂಬ ಪಾತ್ರಾಭಿನಯದ ಆಟ ಆಪ್ತವಾದದ್ದು ಇದೇ ಕಾರಣಕ್ಕೆ.

ಜೆಸಿಕಾ ಹ್ಯಾಮರ್ ಮತ್ತು ಮೊಯ್ರಾ ಟರ್ಕಿಂಗ್ಟನ್ ರೂಪಿಸಿದ ಆಟವಿದು. 1943ರಲ್ಲಿ ಬರ್ಲಿನ್ನಿನ ಅದೇ ಹೆಸರಿನ ಬೀದಿಯಲ್ಲಿ, ಬಂಧಿತರಾದ ಯಹೂದಿ ಗಂಡಂದಿರಿಗಾಗಿ ಯಹೂದಿಯರಲ್ಲದ ಹೆಂಡತಿಯರು ನಿಂತು ಪ್ರತಿಭಟಿಸಿದರು. ಆಟಗಾರರು ಆ ದಂಪತಿಗಳಾಗುತ್ತಾರೆ. ಹಿಟ್ಲರನನ್ನು ಸೋಲಿಸುವ ಅವಕಾಶ ಯಾರಿಗೂ ಇಲ್ಲ. ಮನೆಯೊಳಗಿನ ಭಯ, ನಿಷ್ಠೆ, ತೀರ್ಮಾನಗಳಷ್ಟೇ ಅವರ ಕೈಯಲ್ಲಿ. ಆಟಗಾರನ ಶಕ್ತಿಗೆ ಹಾಕಿದ ಈ ಮಿತಿಯೇ, ನನ್ನ ಮಟ್ಟಿಗೆ, ವಿನ್ಯಾಸದ ಶ್ರೇಷ್ಠ ಕುಶಲತೆ. ಇಸವಿಗಳ ಪಟ್ಟಿ ಕಲಿಸಲಾಗದ್ದನ್ನು ಅದು ಕಲಿಸುತ್ತದೆ.

ಅಂಥ ಕಥೆಗಾಗಿ ನಾವು ಬರ್ಲಿನ್ನಿಗೆ ಹೋಗಬೇಕಾಗಿಲ್ಲ. ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯದ ಸ್ಯಾಮ್ಯುಯೆಲ್ ಎಝೆಕಿಯಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದು, ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾದವರು. ಪಾರಾದರೆ ಪ್ರಾರ್ಥನಾ ಮಂದಿರ ಕಟ್ಟಿಸುತ್ತೇನೆಂದು ಹರಕೆ ಹೊತ್ತರೆಂದು ಆ ಸಮುದಾಯ ನೆನೆಯುತ್ತದೆ. ಸೆರೆಮನೆಯ ಆ ಇರುಳು, ಕಾವಲುಗಾರ ಕೇಳಬಹುದಾದ ಪ್ರಶ್ನೆ, ದಿವೇಕರ್ ಕೊಡಬಹುದಾದ ಉತ್ತರ: ಒಂದು ಪ್ರಸಂಗಕ್ಕೆ ಇನ್ನೇನು ಬೇಕು! ಮೈಸೂರಿಗೂ ಮುಂಬಯಿಗೂ ಸೇರಿದ ಈ ಕಥೆಯನ್ನು ಮಾಟುಂಗದ ಮೈಸೂರು ಅಸೋಸಿಯೇಷನ್ನಿನಂಥ ಅಂಗಳದಲ್ಲಿ ನಮ್ಮ ಮಕ್ಕಳು ಆಡಬೇಕು.

ಆಡುವ ಮೊದಲು ಅವರನ್ನು ಮಸ್ಜಿದ್ ಬಂದರ್ ನಿಲ್ದಾಣದ ಬಳಿಗೆ ಕರೆದೊಯ್ಯಿರಿ. ದಿವೇಕರ್ 1796ರಲ್ಲಿ ಸ್ಥಾಪಿಸಿದ ಶಾರ್ ಹರಹಮೀಮ್ ಪ್ರಾರ್ಥನಾ ಮಂದಿರ ಅಲ್ಲಿ ಇಂದಿಗೂ ಇದೆ.